ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ನೀರ ಮೇಲೆ: ರಷ್ಯಾ ರಿವರ್ ಕ್ರೂಸ್ ಮಾಡೋರಿಗೆ ಎ ಟು ಝಡ್

ನಮ್ಮೂರು ಬೀದರ್, ಹಂಗಾಗಿ ಚಿಕ್ಕೋನಿದ್ದಾಗಿಂದ ನಂಗೆ ಗೊತ್ತಿದ್ದ ಒಂದೇ ರಷ್ಯನ್ ಹೆಸರು ಅಫನಾಸಿ ನಿಕಿತಿನ್. 15ನೇ ಶತಮಾನದಲ್ಲಿ ವೋಲ್ಗಾ ದಡದ ತ್ವೇರ್ ಅನ್ನೋ ಊರಿಂದ ಸರಕು ಹಾಕ್ಕೊಂಡು ಹೊರಟು, ಅಸ್ತ್ರಾಖಾನ್ ಹತ್ರ ದರೋಡೆ ಮಾಡಿಸ್ಕೊಂಡು, ಬರಿಗೈಲಿ ವಾಪಸ್ ಹೋಗೋಕೆ ನಾಚಿಕೆಯಾಗಿ ಮುಂದೆ ಮುಂದೆ ಬರ್ತಾ ಬರ್ತಾ ಬಹಮನಿ ಸುಲ್ತಾನರ ಕಾಲದ ನಮ್ಮ ಬೀದರ್‌ಗೆ ಬಂದು ಕೂತ ವ್ಯಾಪಾರಿ. ಆ ಮನುಷ್ಯ ಹೊರಟ ನದಿ ನೋಡ್ಬೇಕು ಅನ್ನೋ ಹುಚ್ಚು ಬಹಳ ವರ್ಷದಿಂದ ಇತ್ತು, ಕೊನೆಗೆ ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗ್ಬಂದೆ. ಬಂದ ಮೇಲೆ ಕೇಳಿದೋರಿಗೆಲ್ಲ ಅದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಎಲ್ಲಾ ಒಂದೇ ಕಡೆ ಬರೀತಿದೀನಿ, ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳಿ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಮಾಸ್ಕೋ, ಪೀಟರ್ಸ್‌ಬರ್ಗ್ ನೋಡೋದಷ್ಟೇ ಆಸೆ ಇದ್ರೆ ಹಡಗು ಬೇಡ, ಎರಡರ ಮಧ್ಯೆ ಸಪ್ಸಾನ್ ಅನ್ನೋ ರೈಲಿದೆ, ನಾಲ್ಕು ಗಂಟೆಲಿ ಕೆಲಸ ಮುಗೀತು. ಹಡಗು ಹತ್ತೋದು ಮಧ್ಯದಲ್ಲಿ ಬರೋ ಕಾಲುವೆ, ಸರೋವರ, ಸಣ್ಣ ಊರು, ಹಳ್ಳಿಗಳಿಗೋಸ್ಕರ. ಇದನ್ನ ತಲೇಲಿಟ್ಕೊಂಡು ರೂಟ್, ತಿಂಗಳು, ಕ್ಯಾಬಿನ್ ಎಲ್ಲಾ ಆರಿಸಿ, ಆಗ ಮೋಸ ಹೋಗಲ್ಲ.

ಹೋಗ್ಬೇಕಾ ಬೇಡ್ವಾ

ಯುದ್ಧ ನಡೀತಿರೋ ದೇಶ, ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಉತ್ತರದ ಈ ಜಲಮಾರ್ಗ ಉಕ್ರೇನ್ ಗಡಿಯಿಂದ ದೂರ ಇದೆ, ಹಡಗುಗಳು ರಷ್ಯನ್ ಟೂರಿಸ್ಟ್‌ಗಳಿಂದ ತುಂಬಿ ಓಡಾಡ್ತಿವೆ, ಆದ್ರೂ ಡ್ರೋನ್ ಭಯಕ್ಕೆ ಏರ್‌ಪೋರ್ಟ್‌ಗಳು ಕೆಲವು ಗಂಟೆ ಮುಚ್ಚಿ ಫ್ಲೈಟ್ ಲೇಟಾಗೋದು, ಮೊಬೈಲ್ ಇಂಟರ್‌ನೆಟ್ ಇದ್ದಕ್ಕಿದ್ದಂಗೆ ಹೋಗೋದು ಎಲ್ಲಾ ಇದೆ. ಟಿಕೆಟ್ ಮಾಡೋಕೆ ಮುಂಚೆ ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ಓದಿ. ಹಡಗು ಹೊರಡೋ ದಿನಾನೇ ಮಾಸ್ಕೋಗೆ ಇಳಿಯೋ ಪ್ಲಾನ್ ಅಂತೂ ಮಾಡ್ಲೇಬೇಡಿ, ಕನಿಷ್ಠ ಎರಡು ದಿನ ಮೊದಲೇ ಹೋಗಿ ಮಾಸ್ಕೋ ನೋಡ್ಕೊಳಿ, ಫ್ಲೈಟ್ ಕೈಕೊಟ್ರೂ ಹಡಗು ತಪ್ಪಲ್ಲ.

ರೂಟ್

ಮೂರು ಥರ ಇದೆ ಅಂದ್ಕೊಳಿ.

ಒಂದು ಕ್ಲಾಸಿಕ್, ಮಾಸ್ಕೋದಿಂದ ಪೀಟರ್ಸ್‌ಬರ್ಗ್. ಎಲ್ಲೆಲ್ಲಿ ನಿಲ್ತಾರೆ ಅನ್ನೋದ್ರ ಮೇಲೆ ಆರೇಳು ರಾತ್ರಿಯಿಂದ ಹತ್ತು ಹನ್ನೊಂದು ರಾತ್ರಿವರೆಗೂ ಇರತ್ತೆ. ಮಾಸ್ಕೋ ಕಾಲುವೆ, ವೋಲ್ಗಾ, ರಿಬಿನ್ಸ್ಕ್ ಜಲಾಶಯ, ಶೆಕ್ಸ್ನಾ ನದಿ, ಬಿಳಿ ಸರೋವರ, ವೋಲ್ಗಾ-ಬಾಲ್ಟಿಕ್ ಕಾಲುವೆ, ಒನೆಗಾ ಸರೋವರ, ಸ್ವಿರ್ ನದಿ, ಲದೋಗಾ ಸರೋವರ, ನೆವಾ ನದಿ, ಇಷ್ಟು ನೀರು ದಾಟ್ತೀರ. ಎರಡನೇದು ವೋಲ್ಗಾ ಹಿಡ್ಕೊಂಡು ಕೆಳಗಡೆ, ನಿಜ್ನಿ ನೊವ್‌ಗೊರೊದ್, ಕಜಾನ್, ಸಮಾರಾ, ವೋಲ್ಗಾಗ್ರಾದ್, ಅಸ್ತ್ರಾಖಾನ್ ಕಡೆ. ಇದು ದೊಡ್ಡ ನಗರಗಳ ರೂಟ್, ಹೋಗೋಕೆ ಬರೋಕೆ ದಿನ ಜಾಸ್ತಿ, ಮೇಲಾಗಿ ಗೊರೊದೆತ್ಸ್ ಹತ್ರ ನೀರು ಕಮ್ಮಿಯಾದ್ರೆ ಜನರನ್ನ ಇಳಿಸಿ ಬಸ್ಸಲ್ಲಿ ನಿಜ್ನಿಗೆ ಕರ್ಕೊಂಡು ಹೋಗಿ ಬೇರೆ ಹಡಗು ಹತ್ತಿಸೋದೂ ಉಂಟು. ಮೂರನೇದು ಚಿಕ್ಕವು: ಮಾಸ್ಕೋದಿಂದ ಉಗ್ಲಿಚ್-ಮೀಶ್ಕಿನ್ ಅಥ್ವಾ ತ್ವೇರ್ ಕಡೆ ವೀಕೆಂಡ್ ಟ್ರಿಪ್, ಪೀಟರ್ಸ್‌ಬರ್ಗ್‌ನಿಂದ ವಲಾಮ್ ಮತ್ತೆ ಕಿಜಿ ದ್ವೀಪಕ್ಕೆ ಮೂರ್ನಾಲ್ಕು ದಿನದ್ದು.

ನನ್ನ ಅಭಿಪ್ರಾಯ ಕೇಳಿದ್ರೆ ರಜೆ ಇದ್ರೆ ಕ್ಲಾಸಿಕ್, ಇಲ್ಲಾಂದ್ರೆ ವಲಾಮ್-ಕಿಜಿ. ಕ್ಲಾಸಿಕ್ ಮಾಡೋರು ಬ್ರೋಶರಲ್ಲಿ ಎರಡು ಹೆಸರು ಹುಡುಕಿ, ಗೋರಿತ್ಸಿ (ದಾರೀಲಿ ಸಿಗೋ ಹಳ್ಳಿ) ಮತ್ತೆ ಕಿಜಿ. ಎರಡೂ ಇಲ್ಲದ ಪ್ಯಾಕೇಜ್ ಎಷ್ಟೇ ಸಸ್ತಾ ಇದ್ರೂ ಬೇಡ. ಮಾಸ್ಕೋದಿಂದ ಶುರು ಮಾಡೋದು ನಂಗೆ ಇಷ್ಟ, ಮೊದಲು ಕಾಲುವೆ, ಆಮೇಲೆ ನದಿ, ಆಮೇಲೆ ದಡಾನೇ ಕಾಣದ ಸರೋವರ, ಹಿಂಗೆ ನೀರು ಅಗಲ ಆಗ್ತಾ ಹೋಗತ್ತೆ.

ಯಾವ ತಿಂಗಳು

ಸೀಸನ್ ಮೇ ತಿಂಗಳಿಂದ ಅಕ್ಟೋಬರ್ ಶುರುವರೆಗೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿರತ್ತೆ. ಜೂನ್ ಕೊನೆ ಕಡೆ ರಾತ್ರಿ ಹನ್ನೊಂದಕ್ಕೂ ಡೆಕ್ ಮೇಲೆ ಪೇಪರ್ ಓದೋವಷ್ಟು ಬೆಳಕು, ಅಮ್ಮ ಅಂತೂ ಸಂಜೆ ದೀಪ ಹಚ್ಚೋ ಹೊತ್ತು ಯಾವುದು ಅಂತ ಗೊತ್ತಾಗದೆ ಒದ್ದಾಡಿದ್ರು. ಆದ್ರೆ ಅದೇ ಟೈಮಲ್ಲಿ ರೇಟೂ ಜಾಸ್ತಿ, ಸೊಳ್ಳೆನೂ ಜಾಸ್ತಿ. ಸೆಪ್ಟೆಂಬರ್ ಶುರುವಿನಲ್ಲಿ ಕಾಡೆಲ್ಲ ಹಳದಿ ಆಗಿರತ್ತೆ, ಜನ ಕಮ್ಮಿ, ಚಳಿ ಜಾಸ್ತಿ. ಜೂನಲ್ಲೂ ಒನೆಗಾ ಮೇಲೆ ಬೀಸೋ ಗಾಳಿಗೆ ನಮ್ಮ ಬೆಂಗಳೂರು ಸ್ವೆಟರ್ ಸಾಲಲ್ಲ, ಗಾಳಿ ತಡೆಯೋ ಜಾಕೆಟ್, ಕಿವಿ ಮುಚ್ಚೋ ಟೋಪಿ ಇಟ್ಕೊಳ್ಳಲೇಬೇಕು.

ವೀಸಾ

ಇದೊಂದು ಈಗ ಸುಲಭ ಆಗಿದೆ. 2023ರ ಆಗಸ್ಟಿನಿಂದ ಭಾರತೀಯರಿಗೆ ಇ-ವೀಸಾ ಕೊಡ್ತಿದ್ದಾರೆ, ಇನ್ವಿಟೇಶನ್ ಲೆಟರ್ ಬೇಡ, ಹೋಟೆಲ್ ಬುಕಿಂಗ್ ಬೇಡ, ಫೋಟೋ ಮತ್ತೆ ಪಾಸ್‌ಪೋರ್ಟ್ ಸ್ಕ್ಯಾನ್ ಸಾಕು, ಫೀಸು 50 ಡಾಲರ್ ಆಸುಪಾಸು, ನಾಲ್ಕೈದು ದಿನದಲ್ಲಿ ಬರತ್ತೆ. ಮೊದಲು 16 ದಿನ ಮಾತ್ರ ಇರಬಹುದಿತ್ತು, 2025ರ ಆಗಸ್ಟಿನಲ್ಲಿ ಅದನ್ನ 30 ದಿನ ಮಾಡಿದ್ರು, ಹಾಗಾಗಿ ಹತ್ತು ದಿನದ ಕ್ರೂಸ್ ಜೊತೆಗೆ ಎರಡೂ ನಗರ ಆರಾಮಾಗಿ ಸೇರ್ಸಬಹುದು. ಸಿಂಗಲ್ ಎಂಟ್ರಿ, ಆಚೆ ಹೋದ್ರೆ ಮುಗೀತು.

ಎರಡು ಎಚ್ಚರಿಕೆ. ರಷ್ಯಾ ವಿದೇಶಾಂಗ ಇಲಾಖೆಯ ಅಧಿಕೃತ ಸೈಟಲ್ಲೇ ಹಾಕಿ, ಗೂಗಲ್ ಮಾಡಿದ್ರೆ ಅದರ ಥರಾನೇ ಕಾಣೋ ಸೈಟು ಬೇಕಾದಷ್ಟು ಬರ್ತವೆ, ದುಪ್ಪಟ್ಟು ದುಡ್ಡು ಹೋಗತ್ತೆ. ಮತ್ತೆ ಹೆಸರು, ನಮ್ಮ ಕಡೆ ಇನಿಶಿಯಲ್, ತಂದೆ ಹೆಸರು, ಊರ ಹೆಸರು ಅಂತೆಲ್ಲ ಗೋಜಲು ಇರತ್ತಲ್ವಾ, ಪಾಸ್‌ಪೋರ್ಟಿನಲ್ಲಿ ಹೆಂಗಿದೆಯೋ ಅಕ್ಷರಕ್ಕೆ ಅಕ್ಷರ ಹಂಗೇ ಹಾಕಿ. ಅಪ್ಪನ ಫಾರ್ಮಲ್ಲಿ ನಾನು ಒಂದಕ್ಷರ ತಪ್ಪು ಮಾಡಿ ಮತ್ತೆ ಫೀಸು ಕಟ್ಟಿ ಹೊಸದಾಗಿ ಹಾಕ್ಬೇಕಾಯ್ತು, ಅಪ್ಪ ಇನ್ನೂ ಆಡ್ಕೋತಾರೆ. ಮೆಡಿಕಲ್ ಇನ್ಶೂರೆನ್ಸ್ ಮಾಡ್ಸಿ ಪ್ರಿಂಟ್ ಇಟ್ಕೊಳಿ. ಇಮಿಗ್ರೇಶನ್‌ನಲ್ಲಿ ಒಂದು ಸಣ್ಣ ಚೀಟಿ ಕೊಡ್ತಾರೆ, ಮೈಗ್ರೇಶನ್ ಕಾರ್ಡ್, ಅದನ್ನ ವಾಪಸ್ ಬರೋವರೆಗೂ ಪಾಸ್‌ಪೋರ್ಟ್ ಒಳಗೇ ಇಡಿ.

ದುಡ್ಡು, ಇದೇ ಅಸಲಿ ತಲೆನೋವು

2022ರ ಮಾರ್ಚಿಂದ ಹೊರದೇಶದ ವೀಸಾ ಕಾರ್ಡು, ಮಾಸ್ಟರ್‌ಕಾರ್ಡು ರಷ್ಯಾದಲ್ಲಿ ನಡೆಯಲ್ಲ. ಎಟಿಎಂನಲ್ಲೂ ಇಲ್ಲ, ಅಂಗಡೀಲೂ ಇಲ್ಲ, ರಷ್ಯನ್ ಹಡಗು ಕಂಪನಿಗಳ ವೆಬ್‌ಸೈಟಲ್ಲೂ ಇಲ್ಲ. ಯುಪಿಐ ಅಭ್ಯಾಸ ಆಗಿರೋ ನಮಗೆ ಇದು ಶಾಕು. ನಗದು ಡಾಲರ್ ಅಥ್ವಾ ಯೂರೋ ತಗೊಂಡು ಹೋಗಿ ಅಲ್ಲಿ ಬ್ಯಾಂಕಲ್ಲಿ ರೂಬಲ್ ಮಾಡ್ಕೋಬೇಕು, ಪಾಸ್‌ಪೋರ್ಟ್ ತೋರ್ಸಿದ್ರೆ ಆಯ್ತು. ನೋಟು ಹೊಸದಾಗಿರ್ಲಿ, ಮಡಚಿದ್ದು, ಪೆನ್ನಲ್ಲಿ ಗೀಚಿದ್ದು ಕೊಟ್ರೆ ಕೌಂಟರ್ ಹೆಂಗಸು ತಲೆ ಅಲ್ಲಾಡಿಸಿ ವಾಪಸ್ ತಳ್ತಾಳೆ. ಇನ್ನೊಂದು ವಿಷ್ಯ ನಮ್ಮ ಮನಿ ಚೇಂಜರ್‌ಗಳಿಗೇ ಎಷ್ಟೋ ಸಲ ಗೊತ್ತಿರಲ್ಲ: ಬೇರೆ ದೇಶಕ್ಕೆ ಹೋಗೋರು ಒಂದು ಟ್ರಿಪ್‌ಗೆ 3000 ಡಾಲರ್ ಮಾತ್ರ ನಗದಾಗಿ ಒಯ್ಯಬಹುದು ಅನ್ನೋ ಆರ್‌ಬಿಐ ಮಿತಿ ಇದೆಯಲ್ಲ, ಅದರಿಂದ ರಷ್ಯಾಗೆ ಹೋಗೋರಿಗೆ ವಿನಾಯ್ತಿ ಇದೆ. ಕೇಳಿ ತಗೊಳಿ. 10,000 ಡಾಲರ್ ದಾಟಿದ್ರೆ ಮಾತ್ರ ಕಸ್ಟಮ್ಸಲ್ಲಿ ಡಿಕ್ಲೇರ್ ಮಾಡ್ಬೇಕು.

ಬುಕಿಂಗ್

ಮುಂಚೆ ವೈಕಿಂಗ್ ಥರದ ವಿದೇಶಿ ಕಂಪನಿಗಳು ಇಂಗ್ಲಿಷ್ ಗೈಡ್ ಸಮೇತ ನಡೆಸ್ತಿದ್ರು, 2022ರಲ್ಲಿ ಬಿಟ್ಟು ಹೋದ್ರು. ಈಗ ಇರೋದು ವೊದೊಹೊದ್, ಮೊಸ್ತೂರ್‌ಫ್ಲೋತ್ ಥರದ ರಷ್ಯನ್ ಕಂಪನಿಗಳು. ಕಾರ್ಡ್ ಸಮಸ್ಯೆ ಇರೋದ್ರಿಂದ ರಷ್ಯಾ ಟೂರ್ ಮಾಡ್ಸೋ ನಮ್ಮ ದೇಶದ ಏಜೆಂಟ್ ಮೂಲಕ, ಇಲ್ಲಾ ಅಲ್ಲಿ ಓದ್ತಿರೋ ಮೆಡಿಕಲ್ ಸ್ಟೂಡೆಂಟ್ ಯಾರಾದ್ರೂ ಪರಿಚಯ ಇದ್ರೆ ಅವರ ಮೂಲಕ ಬುಕ್ ಮಾಡೋದು ದಾರಿ. ಏಜೆಂಟ್ ಹತ್ರ ಹಡಗಿನ ಹೆಸರು, ಕ್ಯಾಬಿನ್ ನಂಬರ್, ಡೆಕ್, ಯಾವ ಯಾವ ಎಕ್ಸ್‌ಕರ್ಷನ್ ಸೇರಿದೆ, ಇಷ್ಟನ್ನೂ ಬರವಣಿಗೇಲಿ ತಗೊಳಿ. ನಾನು ಮೊದಲು ಮಾತಾಡಿದ ಒಬ್ಬ ಏಜೆಂಟ್ "ಡಿಲಕ್ಸ್ ಶಿಪ್ ಸರ್, ನೀವು ಚಿಂತೆನೇ ಮಾಡ್ಬೇಡಿ" ಅಂತ ಹತ್ತು ಸಲ ಹೇಳಿದ, ಹಡಗಿನ ಹೆಸರು ಮಾತ್ರ ಬಾಯಿಬಿಡ್ಲಿಲ್ಲ, ನಾನೂ ದುಡ್ಡು ಬಿಚ್ಚಲಿಲ್ಲ.

ಹಡಗಿನ ಹೆಸರು ಯಾಕೆ ಮುಖ್ಯ ಅಂದ್ರೆ ಇವುಗಳಲ್ಲಿ ಬಹಳಷ್ಟು ಸೋವಿಯತ್ ಕಾಲದಲ್ಲಿ ಪೂರ್ವ ಜರ್ಮನಿ, ಚೆಕೊಸ್ಲೊವಾಕಿಯಾದಲ್ಲಿ ಕಟ್ಟಿದ್ದು. ಮೈಕಟ್ಟು ಗಟ್ಟಿ, ಆದ್ರೆ ಒಳಗೆ ಒಂದೊಂದು ಹಡಗನ್ನ ಒಂದೊಂದು ಥರ ರಿಪೇರಿ ಮಾಡಿದ್ದಾರೆ. ಹೆಸರು ಹಾಕಿ ಯೂಟ್ಯೂಬಲ್ಲಿ ಹುಡುಕಿದ್ರೆ ರಷ್ಯನ್ ಅಜ್ಜಿಯರು ಮಾಡಿರೋ ವಿಡಿಯೋ ಸಿಗ್ತವೆ, ಬಾತ್‌ರೂಮ್ ಬಾಗಿಲವರೆಗೂ ತೋರಿಸಿರ್ತಾರೆ. ಕೆಳಗಿನ ಡೆಕ್ ಬೇಡ, ಅಲ್ಲಿ ಕಿಟಕಿ ಬದಲು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಗುಂಡಗಿನ ಸಣ್ಣ ಕಿಂಡಿ ಇರತ್ತೆ, ಇಂಜಿನ್ ಸದ್ದು ಬೇರೆ. ವಯಸ್ಸಾದೋರು ಜೊತೇಲಿದ್ರೆ ಮಧ್ಯದ ಡೆಕ್, ಹಳೇ ಹಡಗುಗಳಲ್ಲಿ ಲಿಫ್ಟ್ ನಿರೀಕ್ಷೆ ಮಾಡ್ಬೇಡಿ. ಕ್ಯಾಬಿನ್ ಅಂದ್ರೆ ನಮ್ಮ ರೈಲಿನ ಫಸ್ಟ್ ಕ್ಲಾಸ್ ಕೂಪೆಗಿಂತ ಸ್ವಲ್ಪ ದೊಡ್ಡದು ಅಷ್ಟೇ, ದೊಡ್ಡ ಸೂಟ್‌ಕೇಸ್ ತಂದ್ರೆ ಅದರ ಮೇಲೇ ಮಲಗಬೇಕು.

ಫೋನ್, ಭಾಷೆ

ಸಿಮ್ ಕೊಳ್ಳೋದು ಈಗ ಕಷ್ಟ, ವಿದೇಶಿಯರು ಬಯೋಮೆಟ್ರಿಕ್ ಕೊಟ್ಟು ಸರ್ಕಾರಿ ಪೋರ್ಟಲಲ್ಲಿ ಅಕೌಂಟ್ ಮಾಡ್ಬೇಕು, ಕೆಲವು ದಿನಕ್ಕೆ ಬರೋರಿಗೆ ಆಗೋ ಮಾತಲ್ಲ. ಇನ್‌ಸ್ಟಾ, ಫೇಸ್‌ಬುಕ್ ಓಪನ್ ಆಗಲ್ಲ, ವಾಟ್ಸಾಪನ್ನೂ ನಂಬ್ಕೊಂಡು ಕೂರ್ಬೇಡಿ. ಇಲ್ಲಿಂದ ಹೊರಡೋಕೆ ಮುಂಚೇನೇ ಆಫ್‌ಲೈನ್ ಮ್ಯಾಪ್, ರಷ್ಯನ್ ಆಫ್‌ಲೈನ್ ಟ್ರಾನ್ಸ್‌ಲೇಟರ್ ಇಳಿಸ್ಕೊಳಿ, ಮನೇಲಿ "ಎರಡು ಮೂರು ದಿನ ಫೋನ್ ಬರ್ದಿದ್ರೆ ಗಾಬರಿಯಾಗ್ಬೇಡಿ" ಅಂತ ಹೇಳ್ಬಿಡಿ. ಟ್ಯಾಕ್ಸಿಗೆ ಯಾಂಡೆಕ್ಸ್ ಆ್ಯಪ್, ಕ್ಯಾಶ್ ಕೊಡೋ ಆಪ್ಷನ್ ಇದೆ.

ಸಿರಿಲಿಕ್ ಅಕ್ಷರ ಕಲಿಯೋಕೆ ಒಂದು ವಾರ ಸಾಕು, ದಯವಿಟ್ಟು ಕಲೀರಿ. ಕನ್ನಡದ ಕಾಗುಣಿತ ಗೆದ್ದೋರಿಗೆ 33 ಅಕ್ಷರ ಯಾವ ಲೆಕ್ಕ. ಹಡಗಿನ ಅನೌನ್ಸ್‌ಮೆಂಟ್ ಎಲ್ಲಾ ರಷ್ಯನ್‌ನಲ್ಲೇ, ಕ್ಯಾಬಿನ್ ಒಳಗಿನ ಸ್ಪೀಕರಿಂದ ಬರತ್ತೆ, ಏನೂ ಅರ್ಥ ಆಗಲ್ಲ, ಆದ್ರೆ ಪ್ರತಿದಿನದ ಕಾರ್ಯಕ್ರಮ ಪ್ರಿಂಟ್ ಮಾಡಿ ಅಂಟಿಸಿರ್ತಾರೆ, ಫೋನ್ ಕ್ಯಾಮೆರಾ ಹಿಡಿದು ಟ್ರಾನ್ಸ್‌ಲೇಟ್ ಮಾಡ್ಕೊಂಡ್ರೆ ಊಟದ ಟೈಮು, ಹೊರಡೋ ಟೈಮು ಸಿಗತ್ತೆ.

ಊಟ

ಅಮ್ಮ ಮೊಟ್ಟೆನೂ ತಿನ್ನಲ್ಲ. ಮೊದಲ ದಿನ ಮಧ್ಯಾಹ್ನ "ವೆಜಿಟೇರಿಯನ್" ಅಂದಿದ್ದಕ್ಕೆ ಮೀನು ತಂದಿಟ್ರು! ಆಮೇಲೆ ಪಕ್ಕದ ಟೇಬಲ್‌ನ ಒಬ್ಬ ರಷ್ಯನ್ ಆಂಟಿ ಗುಟ್ಟು ಹೇಳ್ಕೊಟ್ರು, "ಪೋಸ್ತ್ನೊಯೆ" ಅನ್ನು ಅಂತ. ಅವರ ಆರ್ಥೊಡಾಕ್ಸ್ ಉಪವಾಸದ ಅಡುಗೆ ಅದು, ಮಾಂಸ ಹಾಲು ಮೊಟ್ಟೆ ಯಾವುದೂ ಇರಲ್ಲ, ಅಡುಗೆಯೋರಿಗೆ ತಕ್ಷಣ ಅರ್ಥ ಆಗತ್ತೆ. ಆದ್ರೂ ಕೆಲವು ಉಪವಾಸದ ದಿನ ಅವರಲ್ಲಿ ಮೀನು ನಡೆಯತ್ತೆ, ಹಾಗಾಗಿ "ಬೆಜ್ ರೀಬಿ", ಅಂದ್ರೆ ಮೀನು ಬೇಡ, ಅಂತಾನೂ ಸೇರಿಸಿ. "ಬೆಜ್ ಮ್ಯಾಸ" ಅಂದ್ರೆ ಮಾಂಸ ಬೇಡ. ಬೋರ್ಶ್, ಶ್ಚಿ ಸೂಪುಗಳು ನೋಡೋಕೆ ಬೀಟ್‌ರೂಟ್ ಸಾರು, ಕೋಸಿನ ಸಾರು ಥರ ಇದ್ರೂ ಸಾಮಾನ್ಯವಾಗಿ ಮೂಳೆ ಬೇಯಿಸಿದ ನೀರಲ್ಲೇ ಮಾಡಿರ್ತಾರೆ.

ನಂಬಬಹುದಾದ್ದು: ಗ್ರೆಚ್ಕಾ ಅನ್ನೋ ಧಾನ್ಯ ಬೇಯಿಸಿದ್ದು, ಓಟ್ಸ್ ಗಂಜಿ, ಆಲೂ ತುಂಬಿದ ವರೇನಿಕಿ (ಕಡುಬಿನ ತಂಗಿ ಅಂದ್ಕೊಳಿ, ಹಿಟ್ಟಲ್ಲಿ ಮೊಟ್ಟೆ ಇದ್ಯಾ ಕೇಳಿ), ಕೋಸಿನ ಪಲ್ಯ ತುಂಬಿದ ಪಿರೊಷ್ಕಿ ಅನ್ನೋ ಸಣ್ಣ ಬನ್ನು, ತ್ವೊರೋಗ್ ಅನ್ನೋ ಪನೀರ್ ಥರದ್ದು, ಕೆಫಿರ್ ಅಂದ್ರೆ ಹುಳಿ ಮಜ್ಜಿಗೆ. ಕೆಫಿರ್‌ಗೆ ಉಪ್ಪು, ಸಾಸಿವೆ ಒಗ್ಗರಣೆ ಇದ್ದಿದ್ರೆ ಸಾಕಾಗಿತ್ತು ಅಂತ ಅಪ್ಪ ದಿನಾ ಅಂತಿದ್ರು. ಊಟದ ಟೇಬಲ್ ಮೊದಲ ದಿನ ಕೊಟ್ಟಿದ್ದೇ ಕೊನೆವರೆಗೂ, ಎಷ್ಟೋ ಹಡಗಲ್ಲಿ ನಾಳೆ ಏನು ಬೇಕು ಅಂತ ಇವತ್ತೇ ಚೀಟೀಲಿ ಟಿಕ್ ಮಾಡಿಸ್ಕೋತಾರೆ, ಆ ಚೀಟಿ ಮರೀಬೇಡಿ. ಹಳೇ ಹಡಗುಗಳಲ್ಲಿ ಡೆಕ್‌ನಲ್ಲೇ ಕುದಿಯೋ ನೀರಿನ ದೊಡ್ಡ ಬಾಯ್ಲರ್ ಇರತ್ತೆ, ಅದನ್ನ ತಿತಾನ್ ಅಂತಾರೆ. ಅದರ ನೀರಿಗೆ ನಮ್ಮ ರೆಡಿ ಉಪ್ಪಿಟ್ಟು, ಅವಲಕ್ಕಿ, ಪುಳಿಯೋಗರೆ ಗೊಜ್ಜು ಎಲ್ಲಾ ಬದುಕ್ತು. ಚಟ್ನಿಪುಡಿ ಹೇಳ್ಬೇಕಾಗಿಲ್ಲ ಅನ್ಕೋತೀನಿ.

ಹಡಗು ಹತ್ತೋ ದಿನ

ಮಾಸ್ಕೋದಲ್ಲಿ ಸಾಮಾನ್ಯವಾಗಿ ಉತ್ತರದ ನದಿ ನಿಲ್ದಾಣ, ಸೇವೆರ್ನಿ ರೆಚ್ನೊಯ್ ವೊಕ್ಸಾಲ್. 1937ರಲ್ಲಿ ಕಟ್ಟಿದ್ದು, ತುದೀಲಿ ನಕ್ಷತ್ರ ಇರೋ ಗೋಪುರ, 2020ರಲ್ಲಿ ರಿಪೇರಿ ಮಾಡಿ ಮತ್ತೆ ತೆರೆದಿದ್ದಾರೆ. ರೆಚ್ನೊಯ್ ವೊಕ್ಸಾಲ್ ಮೆಟ್ರೋದಲ್ಲಿ ಇಳಿದು ಪಾರ್ಕ್ ದಾಟಿ ನಡೆದ್ರೆ ಬರತ್ತೆ. ದಕ್ಷಿಣದಲ್ಲೂ ಒಂದು ನಿಲ್ದಾಣ ಇದೆ, ಟಿಕೆಟ್ ನೋಡ್ಕೊಂಡೇ ಹೊರಡಿ. ಹತ್ತಿದ ತಕ್ಷಣ ಒಂದು ಕಾರ್ಡ್ ಕೊಡ್ತಾರೆ, ಇಳಿಯುವಾಗ ತಗೊಂಡು ಹೋಗಿ ಬಂದಾಗ ತೋರಿಸ್ಬೇಕು. ಜೊತೆಗೆ ನಿಮ್ಮ ಹಡಗಿನ ಹೆಸರು ಸಿರಿಲಿಕ್‌ನಲ್ಲಿ ಫೋಟೋ ತೆಕ್ಕೊಳಿ, ಯಾಕೆ ಅಂತ ಹೇಳ್ತೀನಿ: ಸಣ್ಣ ಊರುಗಳ ದಡದಲ್ಲಿ ಜಾಗ ಕಮ್ಮಿ, ಮೂರ್ನಾಲ್ಕು ಹಡಗನ್ನ ಒಂದಕ್ಕೊಂದು ಅಂಟಿಸಿ ಕಟ್ತಾರೆ, ದಡದಿಂದ ಮೊದಲ ಹಡಗಿನ ಲಾಬಿ ಒಳಗಿಂದ ಹಾಯ್ದು ಎರಡನೇದಕ್ಕೆ, ಅಲ್ಲಿಂದ ಮೂರನೇದಕ್ಕೆ. ಎಲ್ಲಾ ಒಂದೇ ಅಚ್ಚಿನವು. ಉಗ್ಲಿಚ್‌ನಲ್ಲಿ ಅಪ್ಪ ವಾಪಸ್ ಬರುವಾಗ ಪಕ್ಕದ ಹಡಗಲ್ಲೇ ಮೆಟ್ಟಿಲು ಹತ್ತಿ ನಮ್ಮ ನಂಬರಿನ ಕ್ಯಾಬಿನ್‌ಗೇ ಹೋಗಿ ಐದು ನಿಮಿಷ ಕೀ ತಿರುಗಿಸಿದ್ದಾರೆ, ಒಳಗಿಂದ ಟವೆಲ್ ಸುತ್ಕೊಂಡ ಒಬ್ಬ ಆಜಾನುಬಾಹು ಬಾಗಿಲು ತೆಗೆದ.

ದಾರೀಲಿ ಯಾವುದಕ್ಕೆ ಎದ್ದಿರಬೇಕು

ಮೊದಲ ಸಂಜೆ ಮಲಗ್ಬೇಡಿ. 128 ಕಿಲೋಮೀಟರ್ ಉದ್ದದ ಮಾಸ್ಕೋ ಕಾಲುವೆ, 1932ರಿಂದ 1937ರವರೆಗೆ ಗುಲಾಗ್, ಅಂದ್ರೆ ಸ್ಟಾಲಿನ್ ಕಾಲದ ಬಲವಂತದ ದುಡಿಮೆ ಶಿಬಿರಗಳ ಕೈದಿಗಳ ಕೈಲಿ ಅಗೆಸಿದ್ದು, ಸಾವಿರಾರು ಜನ ಅಲ್ಲೇ ಸತ್ತೋದ್ರು. ಎರಡೂ ತುದೀಲಿ ಬಾಗಿಲಿರೋ, ನೀರು ತುಂಬಿಸಿ ಇಳಿಸಿ ಹಡಗನ್ನ ಮೇಲೆ ಕೆಳಗೆ ಮಾಡೋ ಲಾಕ್‌ಗಳ ಒಳಗೆ ಹಡಗು ನಿಂತು, ನೀರು ಬಸಿದ ಹಾಗೆ ಇಳಿಯತ್ತೆ, ಪಕ್ಕದ ಕಾಂಕ್ರೀಟ್ ಗೋಡೆ ಕೈಗೆ ಸಿಗೋವಷ್ಟು ಹತ್ರ. ಯಾಖ್ರೊಮಾ ಲಾಕ್‌ನ ಗೋಪುರಗಳ ಮೇಲೆ ತಾಮ್ರದ ಹಾಯಿಹಡಗು ಕೂರಿಸಿದ್ದಾರೆ. ದುಬ್ನಾದಲ್ಲಿ ವೋಲ್ಗಾ ಸೇರೋ ಜಾಗದಲ್ಲಿ ಭಾರೀ ಲೆನಿನ್ ಪ್ರತಿಮೆ, ಎದುರಿಗಿದ್ದ ಸ್ಟಾಲಿನ್‌ನ ಕೆಡವಿಬಿಟ್ಟಿದ್ದಾರೆ, ಬರೀ ಪೀಠ ಉಳಿದಿದೆ.

ಮುಂದೆ ಕಲ್ಯಾಜಿನ್. ನೀರಿನ ಮಧ್ಯೆ ಒಂಟಿ ಗಂಟೆಗೋಪುರ. 1939-40ರ ಹೊತ್ತಿಗೆ ಉಗ್ಲಿಚ್ ಅಣೆಕಟ್ಟಿನ ನೀರು ನಿಂತಾಗ ಹಳೇ ಊರಿನ ಭಾಗ ಮುಳುಗಿ ಇದೊಂದು ಉಳೀತು. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೋಡಿದೋರಿಗೆ ಹೊಟ್ಟೇಲಿ ಅದೇ ಥರ ಏನೋ ಆಗತ್ತೆ. ಹಡಗು ಇಲ್ಲಿ ಸಾಮಾನ್ಯವಾಗಿ ನಿಲ್ಲಲ್ಲ, ಪಕ್ಕದಲ್ಲೇ ಹಾದು ಹೋಗತ್ತೆ, ಎಷ್ಟು ಗಂಟೆಗೆ ಅಂತ ರಿಸೆಪ್ಷನ್‌ನಲ್ಲಿ ಕೇಳಿಟ್ಕೊಂಡು ಅಲಾರಂ ಇಡಿ. ರಿಬಿನ್ಸ್ಕ್ ಜಲಾಶಯದ ಕೆಳಗೆ ಮೊಲೊಗಾ ಅನ್ನೋ ಪೂರ್ತಿ ಪಟ್ಟಣಾನೇ ಇದೆ, ಮೇಲೆ ಏನೂ ಕಾಣಲ್ಲ, ಬರೀ ನೀರು.

ಉಗ್ಲಿಚ್‌ನಲ್ಲಿ ಕೆಂಪು ಗೋಡೆ, ನೀಲಿ ಗುಮ್ಮಟದ ಚರ್ಚ್, ರಷ್ಯಾ ದೊರೆ ಇವಾನ್ ದಿ ಟೆರಿಬಲ್‌ನ ಮಗ ಪುಟ್ಟ ದ್ಮಿತ್ರಿ 1591ರಲ್ಲಿ ಸತ್ತ ಜಾಗ. ದಡದ ಹತ್ರ ಸಾಲು ಅಂಗಡಿ, ಲಿನನ್ ಬಟ್ಟೆ ಚೆನ್ನಾಗಿದೆ, ಚೌಕಾಶಿ ಸ್ವಲ್ಪ ನಡೆಯತ್ತೆ. ಮೀಶ್ಕಿನ್ ಅಂದ್ರೆ ಇಲಿ ಹೆಸರಿನ ಊರು, ಇಲಿ ಮ್ಯೂಸಿಯಂ ಇದೆ, ಮಕ್ಕಳಿದ್ರೆ ಹೋಗಿ. ಯಾರೊಸ್ಲಾವ್ಲ್ ದೊಡ್ಡ ಊರು, ಚೆಂದ ಇದೆ, ಗೈಡ್ ಕರ್ಕೊಂಡು ಹೋಗ್ತಾರೆ, ನಾನೇನೂ ಹೇಳ್ಬೇಕಾಗಿಲ್ಲ.

ಗೋರಿತ್ಸಿ ಬಗ್ಗೆ ಹೇಳ್ತೀನಿ. ಹಡಗಿನೋರು ಬಸ್ಸಲ್ಲಿ ಕಿರಿಲೊ-ಬೆಲೊಜೆರ್ಸ್ಕಿ ಮಠಕ್ಕೆ ಕರ್ಕೊಂಡು ಹೋಗ್ತಾರೆ, 1397ರಲ್ಲಿ ಶುರುವಾದ ಮಠ, ಕೋಟೆ ಥರ ಗೋಡೆ, ಪಕ್ಕದಲ್ಲೇ ಸರೋವರ. ಫೆರಾಪೊಂತೊವೊ ಅನ್ನೋ ಇನ್ನೊಂದು ಸಣ್ಣ ಮಠ ಇನ್ನೂ ಸ್ವಲ್ಪ ದೂರ, ಅಲ್ಲಿ ದಿಯೊನಿಸಿ ಅನ್ನೋ ಕಲಾವಿದ 1502ರಲ್ಲಿ ಬರೆದ ಗೋಡೆಚಿತ್ರಗಳಿವೆ, ಆಕಾಶನೀಲಿ ಬಣ್ಣ ಇನ್ನೂ ಹಂಗೇ ಇದೆ. ಇದು ಎಷ್ಟೋ ಪ್ಯಾಕೇಜಲ್ಲಿ ಎಕ್ಸ್‌ಟ್ರಾ, ಕೇಳಿ ಹಾಕ್ಸ್ಕೊಳಿ. ವಾಪಸ್ ಬಂದ ಮೇಲೆ ಹಡಗಲ್ಲಿ ಕೂರಬೇಡಿ, ಗೋರಿತ್ಸಿ ಹಳ್ಳಿ ಒಳಗೆ ನಡೀರಿ. ಕೆತ್ತನೆ ಕಿಟಕಿಯ ಮರದ ಮನೆ, ಅಂಗಳದಲ್ಲಿ ಆಲೂಗಡ್ಡೆ ಸಾಲು, ಒಟ್ಟಿದ ಸೌದೆ. ಒಬ್ಬ ಅಜ್ಜಿ ಅಮ್ಮನ ಸೀರೆ ಅಂಚು ಮುಟ್ಟಿ ನೋಡಿ ಒಳಗೆ ಹೋಗಿ ಒಂದು ಬಟ್ಟಲು ಸ್ಟ್ರಾಬೆರಿ ತಂದು ಕೊಟ್ರು, ಅಮ್ಮ ಚೀಲದಿಂದ ಕೊಬ್ಬರಿ ಮಿಠಾಯಿ ತೆಗೆದು ಕೊಟ್ರು, ಇಬ್ರೂ ಅವರವರ ಭಾಷೇಲಿ ಹತ್ತು ನಿಮಿಷ ಮಾತಾಡಿದ್ರು, ನಾನು ಟ್ರಾನ್ಸ್‌ಲೇಟರ್ ತೆಗೆದ್ರೆ ಇಬ್ರೂ ಬೇಡ ಅಂದ್ರು.

ಮಠ ಚರ್ಚುಗಳಿಗೆ ಹೆಂಗಸರು ತಲೆ ಮೇಲೆ ಸೆರಗೋ ದುಪಟ್ಟಾನೋ ಹಾಕ್ಕೋಬೇಕು, ಗಂಡಸರು ಟೋಪಿ ತೆಗೀಬೇಕು, ಚಡ್ಡಿ ಹಾಕ್ಕೊಂಡು ಹೋಗ್ಬೇಡಿ.

ವೋಲ್ಗಾ-ಬಾಲ್ಟಿಕ್ ಕಾಲುವೇಲಿ ಆರು ಲಾಕ್ ಇಳಿದು ಒನೆಗಾಗೆ ಬರ್ತೀರ, ಒಟ್ಟು ಸುಮಾರು 80 ಮೀಟರ್ ಇಳಿತ. ಯೂರೋಪಿನ ಎರಡನೇ ದೊಡ್ಡ ಸರೋವರ ಇದು, ಗಾಳಿ ಜೋರಿದ್ರೆ ಹಡಗು ಸರಿಯಾಗೇ ಓಲಾಡತ್ತೆ, ವಾಂತಿ ಮಾತ್ರೆ ಕೈಗೆ ಸಿಗೋ ಹಾಗೆ ಇಡಿ. ಅಲೆ ಅತಿಯಾದ್ರೆ ಕ್ಯಾಪ್ಟನ್ ಕಿಜಿ ಬಿಟ್ಟೇ ಹೋಗಬಹುದು, ಜಗಳಾಡಿ ಪ್ರಯೋಜನ ಇಲ್ಲ. ಕಿಜಿ ಸಿಕ್ರೆ ಅದೃಷ್ಟ: 1714ರ ಪೂರ್ತಿ ಮರದ ಚರ್ಚ್, 22 ಗುಮ್ಮಟ, ಮೇಲೆ ಹೊದಿಸಿರೋದು ಆಸ್ಪೆನ್ ಮರದ ಸಣ್ಣ ಸಣ್ಣ ಹಲಗೆ, ಬಿಸಿಲು ಬಿದ್ರೆ ಬೆಳ್ಳಿ ಅನ್ಸತ್ತೆ. ದಾರಿ ಬಿಟ್ಟು ಹುಲ್ಲಿಗೆ ಇಳೀಬೇಡಿ, ವಿಷದ ಹಾವಿದಾವೆ, ತಮಾಷೆ ಅಲ್ಲ.

ಸ್ವಿರ್ ಮೇಲಿನ ಮಂದ್ರೊಗಿ "ಸಾಂಪ್ರದಾಯಿಕ ಹಳ್ಳಿ" ಅಂತ ಮಾರ್ತಾರೆ. ಎರಡನೇ ಮಹಾಯುದ್ಧದಲ್ಲಿ ಹಾಳಾದ ಹಳ್ಳಿ ಜಾಗದಲ್ಲಿ 1990ರ ದಶಕದಲ್ಲಿ ಟೂರಿಸ್ಟ್‌ಗಳಿಗೇ ಅಂತ ಹೊಸದಾಗಿ ಕಟ್ಟಿದ ಸೆಟ್ ಇದು, ವೋಡ್ಕಾ ಮ್ಯೂಸಿಯಂ ಬೇರೆ. ಬಿಸಿ ಪಿರೊಷ್ಕಿ ತಿಂದು, ಕಾಡಲ್ಲಿ ಒಂದು ಸುತ್ತು ಹೊಡೆದು ಬನ್ನಿ, ಗೋರಿತ್ಸಿ ಜೊತೆ ಹೋಲಿಸ್ಬೇಡಿ.

ಇಳಿಯೋ ದಿನ

ಪೀಟರ್ಸ್‌ಬರ್ಗ್‌ನಲ್ಲಿ ಹಡಗು ನಿಲ್ಲೋದು ಊರ ಮಧ್ಯೆ ಅಲ್ಲ, ನೆವಾ ದಡದಲ್ಲೇ ಆದ್ರೂ ಆಚೆ ಕಡೆ, ಮೊದಲೇ ಯಾವ ಪಿಯರ್ ಅಂತ ಕೇಳ್ಕೊಂಡು ಟ್ಯಾಕ್ಸಿ ಲೆಕ್ಕ ಹಾಕಿ. ಹೋಟೆಲಿಗೆ ಹೋದ ತಕ್ಷಣ ಪಾಸ್‌ಪೋರ್ಟು, ಮೈಗ್ರೇಶನ್ ಕಾರ್ಡು ಕೊಟ್ಟು ರಿಜಿಸ್ಟ್ರೇಶನ್ ಮಾಡ್ಸಿ, ಆ ಪೇಪರ್ ಇಟ್ಕೊಳಿ. ರಾತ್ರಿ ಒಂದೂವರೆ ಹೊತ್ತಿಗೆ ನೆವಾ ಸೇತುವೆಗಳನ್ನ ಎತ್ತೋದು ನೋಡೋಕೆ ಹೋಗೋರು ತಮ್ಮ ಹೋಟೆಲ್ ಯಾವ ದಡದಲ್ಲಿದೆ ಅಂತ ಮೊದಲೇ ನೋಡ್ಕೊಳಿ, ತಪ್ಪು ದಡದಲ್ಲಿ ನಿಂತ್ರೆ ಬೆಳಗಿನ ಜಾವ ಐದರವರೆಗೂ ಅಲ್ಲೇ.

ಮಾಸ್ಕೋಗೆ ವಾಪಸ್ ಸಪ್ಸಾನ್ ಬದಲು ತ್ವೇರ್‌ನಲ್ಲಿ ನಿಲ್ಲೋ ರೈಲು ಹಿಡೀರಿ, ಸ್ಟೇಶನ್ ಕೌಂಟರಲ್ಲಿ ಕ್ಯಾಶ್ ಕೊಟ್ಟು ಟಿಕೆಟ್ ಸಿಗತ್ತೆ, ಪಾಸ್‌ಪೋರ್ಟ್ ಬೇಕು. ತ್ವೇರ್‌ನಲ್ಲಿ ವೋಲ್ಗಾ ದಡಕ್ಕೆ ಹೋದ್ರೆ ಹಡಗಿನ ಮೂತಿ ಥರದ ಪೀಠದ ಮೇಲೆ ನಿಕಿತಿನ್ ನಿಂತಿದಾನೆ, 1955ರಲ್ಲಿ ನಿಲ್ಲಿಸಿದ ಪ್ರತಿಮೆ. ಅಪ್ಪ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಂಡು, ಪಕ್ಕದಲ್ಲಿ ಐಸ್‌ಕ್ರೀಮ್ ತಿಂತಿದ್ದ ಒಬ್ಬ ಹುಡುಗನಿಗೆ ಎದೆ ತಟ್ಕೊಂಡು "ಬೀದರ್, ಬೀದರ್" ಅಂದ್ರು. ಹುಡುಗನಿಗೆ ಗೊತ್ತಿತ್ತು.